ಬೆನ್ನಿಗೆ ಯಾರು?

6 ಡಿಸೆಂಬರ್ 2004, ಸೋಮವಾರ. ಸಂಜೆ 6.40

ಇವತ್ತು ಐದು ಸರ್ವೆ ಫಾರಂ. ಒಟ್ಟು ಮೂವತ್ತೊಂದು. ಹೆತ್ತೂರಿನಿಂದ ಎಸ್ಟೇಟ್ ಕೂಲಿಯವರ ಕಾಲೋನಿಗೆ ನಾಲ್ಕು ಕಿಲೋಮೀಟರ್ ಏರು. ಬಸ್ಸಿಲ್ಲ. ಹಿಮ್ಮಡಿ ಸುಲಿದಿದೆ.

ಬರೆದಿಟ್ಟರೆ ರೂಮಿನ ಹುಡುಗಿಯರು ಓದುತ್ತಾರೆ. ಅದಕ್ಕೇ ಪ್ರಾಜೆಕ್ಟಿನ ಟೇಪಿಗೆ ಮಾತಾಡುತ್ತಿದ್ದೇನೆ. ಎ ಸೈಡಿನಲ್ಲಿ ಹೆಂಗಸರ ಸಂದರ್ಶನ. ಬಿ ಸೈಡ್ ಖಾಲಿ. ಯಾರೂ ಕೇಳುವುದಿಲ್ಲ.

ಪ್ರಾಜೆಕ್ಟಿನ ಹೆಸರು ದೊಡ್ಡದು. ಬುಡಕಟ್ಟು ಕುಟುಂಬಗಳಲ್ಲಿ ತಾಯಂದಿರ ಆರೈಕೆ ಸುಧಾರಣೆ. ನನ್ನ ಕೆಲಸ ಚಿಕ್ಕದು. ಹೋಗು, ಕೇಳು, ಟಿಕ್ ಹಾಕು. ಯಾದಗಿರಿಯಿಂದ ಅಪ್ಪ ಅವ್ವನ ಜೊತೆ ಕಾಫಿ ಕೊಯ್ಯಲು ಬಂದವಳು ನಾನು. ಆಮೇಲೆ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್. ಅಲ್ಲಿಯೂ ನಿಲ್ಲಲಾಗಲಿಲ್ಲ. ಈಗ ಇದು. ಎರಡು ವರ್ಷದಲ್ಲಿ ಮೂರನೇ ಕೆಲಸ.

ಪ್ರಶ್ನೆ ಇಪ್ಪತ್ತಮೂರು — ಆಸ್ಪತ್ರೆ ಹೆರಿಗೆಯನ್ನು ನಿರಾಕರಿಸಿದ ಕಾರಣ? ನಾಲ್ಕು ಚೌಕ. ಭಯ. ಮೂಢನಂಬಿಕೆ. ತಿಳಿವಳಿಕೆಯ ಕೊರತೆ. ಇತರೆ. 'ಇತರೆ' ಮುಂದೆ ಬರೆಯಲು ಬೆರಳುಗಲ ಜಾಗ. "ಇತರೆ ಜಾಸ್ತಿ ಹಾಕ್ಬೇಡಿ, ಕಂಪ್ಯೂಟರ್ ತಗೊಳಲ್ಲ" ಎಂದು ಟ್ರೈನಿಂಗಿನಲ್ಲೇ ಹೇಳಿದ್ದರು ಪ್ರಾಜೆಕ್ಟ್ ನಡೆಸುವ ಸುಮನಾ ಮೇಡಂ.

ಇವತ್ತಿನ ಕೊನೆಯ ಫಾರಂ ವಸಂತಳದು. ಇಪ್ಪತ್ತು ವರ್ಷ. ಎಂಟು ತಿಂಗಳು. ಸೊಂಟದಲ್ಲಿ ಹಣ್ಣು ಕೊಯ್ಯುವ ಬುಟ್ಟಿ, ಅದರ ಮೇಲೆ ಹೊಟ್ಟೆ.

"ಮೊದಲ್ನೇ ಮಗು ಎಲ್ಲೈತ್ರೀ?"

"ಹೋಯ್ತು."

"ಎಲ್ಲಿ ಹೆರಿಗಿ ಆಗಿದ್ದು?"

"ಜೀಪಲ್ಲಿ."

ಆಮೇಲೆ ತುಂಬ ಹೊತ್ತು ಹೇಳಿದಳು. ನಾನು ಹಿಡಿದದ್ದು ಇಷ್ಟು: ಆಸ್ಪತ್ರೆಗೆ ಹೋಗಿದ್ದಳು, ನಿಲ್ಲಲಿಲ್ಲ, ವಾಪಸ್ ಬಂದಳು. ಅಷ್ಟು ಸಾಕಾಯಿತು. 'ಭಯ'ಕ್ಕೆ ಟಿಕ್ ಹಾಕಿದೆ. ಬಾಗಿಲಲ್ಲಿ ಕೂತಿದ್ದ ಮಾದಮ್ಮ ಬಗ್ಗಿ ನೋಡಿದಳು. ವಸಂತಳ ದೊಡ್ಡವ್ವ, ಸಾಕಿದವಳು. ಕಾಲೋನಿಯ ಸೂಲಗಿತ್ತಿ.

"ಏನ್ ಗೀಚ್ದೆ ಕೂಸು?"

"ಟಿಕ್ ರೀ ಅವ್ವಾ."

"ಅವ್ಳು ಏಟೊತ್ತು ಮಾತಾಡುದ್ಲು. ನೀನು ಕೊಕ್ಕೆ ಹಾಕಿ ಮುಗಿಸ್ಬುಟ್ಟಲ್ಲ!"

ಎಲ್ಲರೂ ನಕ್ಕರು. ಒಬ್ಬಳು "ಹೌದಲ್ಲೇನ್ರೀ, ಟಿಕ್ ರೀ" ಎಂದು ನನ್ನ ಹಾಗೇ ಎಳೆದು ಹೇಳಿದಳು. ಇನ್ನಷ್ಟು ನಗು. ನಾನೂ ನಕ್ಕೆ. ಈಗ ನಗು ಬರುತ್ತಿಲ್ಲ.

9 ಡಿಸೆಂಬರ್, ಗುರುವಾರ. ಮಧ್ಯಾಹ್ನ 3

ನಿನ್ನೆ ಕ್ಯಾಸೆಟ್ ಕೇಳಿ ಬರೆದುಕೊಳ್ಳುತ್ತಿದ್ದೆ. ಒಂದೇ ಮಾತು ಎಲ್ಲರ ಬಾಯಲ್ಲಿ. "ಬೆನ್ನಿಗೆ ಯಾರೂ ಇರ್ಲಿಲ್ಲ." "ಬೆನ್ನಿಗೆ ನಮ್ಮತ್ತೆ ಇದ್ಲು." ನಾನು ಎಲ್ಲ ಕಡೆ 'ಬೆಂಬಲ' ಎಂದು ಬರೆದಿದ್ದೆ. ಹನ್ನೊಂದನೆಯವಳ ಮಾತಿಗೆ ಬಂದಾಗ ಅನುಮಾನ ಬಂತು. ಇವತ್ತು ಬೆಳಿಗ್ಗೆ ಮತ್ತೆ ಕಾಲೋನಿಗೆ ಹತ್ತಿದೆ.

"ಬೆನ್ನಿಗೆ ಅಂದ್ರ ಏನ್ರೀ ಅವ್ವಾ?"

ಮಾದಮ್ಮ ಎದ್ದು ಬಂದಳು. ನನ್ನನ್ನು ಮಂಡಿಯೂರಿ ಕೂರಿಸಿದಳು. ಹಿಂದೆ ತಾನು ಕೂತಳು. ಎಳೆದು ಎದೆಗೆ ಒರಗಿಸಿಕೊಂಡಳು. ಎರಡೂ ಕೈ ನನ್ನ ಕಂಕುಳ ಕೆಳಗಿಂದ ಬಂದು ಗಟ್ಟಿ ಹಿಡಿದವು. ಹೊಗೆ, ಎಲೆಯಡಿಕೆ, ಬೆವರು.

"ಹೆರೋಳು ಹಿಂಗೆ. ಹಿಂದ್ಗಡೆ ಒಬ್ಳು ಎದೆ ಕೊಡ್ಬೇಕು. ಅವ್ಳೇ ಬೆನ್ನಿಗೆ ಇರೋಳು. ನೋವು ಬಂದಾಗ ನಿನ್ ಬೆನ್ನು ಅವಳ್ನ ತಳ್ತದೆ, ಅವ್ಳು ನಿನ್ನ ಬುಡಾಕಿಲ್ಲ. ಗೊತ್ತಾಯ್ತಾ?"

ಗೊತ್ತಾಯಿತು. ಮನೆ ಬಿಟ್ಟಮೇಲೆ ನನ್ನನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಅದು ಬೇರೆ ವಿಷಯ.

ಆಮೇಲೆ ವಸಂತ ಹೇಳಿದಳು. ಹೋದ ವರ್ಷ ಜುಲೈ. ನೋವು ಶುರುವಾಗಿ ತಾಲೂಕು ಆಸ್ಪತ್ರೆಗೆ ಹೋದರು. ದೊಡ್ಡವ್ವನನ್ನು ಗೇಟಿನಾಚೆ ನಿಲ್ಲಿಸಿದರು.

"ಸಿಸ್ಟರ್ ಕೇಳುದ್ರು, ಬೆನ್ನಿಗೈತಾ ಅಂತ. ಇಲ್ಲ ಅಕ್ಕ, ಬೆನ್ನಿಗಿಲ್ಲ ಅಂದೆ. ಹಂಗಾರೆ ಹೋಗು, ಬೆನ್ನಿಗೆ ಬಂದ್ಮೇಲೆ ಬಾ ಅಂದ್ರು. ದೊಡ್ಡವ್ವನ್ನ ಕರ್ಕೊಂಡ್ ಬರಾಕೆ ಹೇಳ್ತಾವ್ರೆ ಅನ್ಕಂಡೆ. ಖುಸಿಯಾಯ್ತು. ಗೇಟ್ ತಾವ ಬಂದೆ. ಆಮೇಕೆ ಇಬ್ರನ್ನೂ ಒಳೀಕೆ ಬುಡ್ನಿಲ್ಲ."

ಸಂಜೆವರೆಗೆ ಗೇಟಿನ ಹೊರಗೆ ಕೂತಿದ್ದರಂತೆ. ಕತ್ತಲಾಗುತ್ತದೆ ಎಂದು ಜೀಪ್ ಹತ್ತಿದರು. ಹೆತ್ತೂರು ಇನ್ನೂ ದೂರವಿತ್ತು.

14 ಡಿಸೆಂಬರ್, ಮಂಗಳವಾರ. ಮಧ್ಯಾಹ್ನ 1.15

ಆಸ್ಪತ್ರೆಯ ಹಳೇ ರಿಜಿಸ್ಟರ್ ತೆಗೆಸಿದೆ. ಪ್ರಾಜೆಕ್ಟಿನ ಲೆಟರ್ ಇದೆ, ತೋರಿಸಲೇಬೇಕು. ಜುಲೈ 2003. ಇಂಗ್ಲಿಷಿನಲ್ಲಿ ಎರಡು ಸಾಲು. ಬೆನ್ನಿಗೆ ನೋವಿಲ್ಲ, ಸುಳ್ಳು ನೋವು. ಅಡ್ಮಿಷನ್ ನಿರಾಕರಿಸಿ ಹೋದಳು.

ಎರಡು ಸಲ ಓದಿದೆ. ಮೂರನೇ ಸಲಕ್ಕೆ ತಿಳಿಯಿತು.

ಸಿಸ್ಟರ್ ಕೇಳಿದ್ದು ನೋವು ಬೆನ್ನಿಗೆ ಬಂದಿದೆಯಾ ಎಂದು. ಇವಳು ಹೇಳಿದ್ದು ಬೆನ್ನಿಗೆ ಆಳಿಲ್ಲ ಎಂದು. ಒಂದೇ ಮಾತು. ಅದಕ್ಕೆ ಒಂದು ಕೂಸು ಹೋಯಿತು.

ಅವತ್ತು ಡ್ಯೂಟಿಯಲ್ಲಿದ್ದ ಸಿಸ್ಟರ್ ಕಮಲಮ್ಮ ಈಗಲೂ ಅಲ್ಲೇ ಇದ್ದಾರೆ. ಕೇಳಿಯೇ ಬಿಟ್ಟೆ. ದನಿ ಜೋರಾಗಿತ್ತು, ಒಪ್ಪುತ್ತೇನೆ.

"ಏನಮ್ಮ, ಕೂಗಾಡ್ತೀಯಾ? ದಿನಾ ಎಷ್ಟು ಜನ ಬರ್ತಾರೆ ಗೊತ್ತಾ ನಿಂಗೆ? ಬೆನ್ನಿಗೈತಾ ಅಂದೆ, ಇಲ್ಲ ಅಂದ್ಲು. ಇನ್ನೇನ್ ಕೇಳ್ಬೇಕಿತ್ತು?"

"ಮುಟ್ಟಿ ನೋಡ್ಬೇಕಿತ್ರೀ."

ಸಿಸ್ಟರ್ ಗ್ಲೌಸ್ ಡಬ್ಬ ಮುಚ್ಚಿದರು. ಮತ್ತೆ ತೆಗೆದರು. "ಅವ್ರ್‌ನ ಮುಟ್ಟೋಕೆ ಯಾರೂ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

ಮುಗಿಸಬೇಕಾಗಿರಲಿಲ್ಲ.

ರೂಮಿಗೆ ಬಂದು ಮೂವತ್ತೊಂದನೇ ಫಾರಂ, ವಸಂತಳದು, ತೆಗೆದೆ. ಅಲ್ಲೂ ಇದೆ, 'ನಿರಾಕರಿಸಿದ ಕಾರಣ', ಮುಂದೆ ನೀಲಿ ಇಂಕಿನಲ್ಲಿ ನನ್ನ ಕೊಕ್ಕೆ. ಸಿಸ್ಟರಿಗಾದರೂ ಸಾಲಿನಲ್ಲಿ ಜನ ನಿಂತಿದ್ದರು. ನನ್ನ ಹಿಂದೆ ಯಾರು ನಿಂತಿದ್ದರು?

15 ಡಿಸೆಂಬರ್. ಸಂಜೆ 5

ಎಸ್‌ಟಿಡಿ ಬೂತಿನಿಂದ ಮೇಡಂಗೆ ಫೋನ್ ಮಾಡಿದೆ. ಪೂರ್ತಿ ಕೇಳಿದರು.

"ವೆರಿ ಇಂಟರೆಸ್ಟಿಂಗ್ ಶಾಂತಾ. ಇದನ್ನ ನಮ್ಮ ರಿಸರ್ಚ್ ಪೇಪರ್ರಲ್ಲಿ ಒಂದು ಬಾಕ್ಸ್ ಮಾಡಿ ಹಾಕ್ಬಹುದು."

"ಮೇಡಂ, ಆಕಿಗೆ ಮುಂದಿನ ತಿಂಗ್ಳು ಹೆರಿಗಿ. ಮಾದಮ್ಮನ್ನ ಒಳಗ ಬಿಡ್ರಿ ಅಂತ ನೀವು ಆಸ್ಪತ್ರಿಗೆ ಒಂದು ಮಾತು ಹೇಳ್ರಿ."

"ನಾವು ಅಧ್ಯಯನ ಮಾಡೋರು. ಮಧ್ಯೆ ಕೈ ಹಾಕಿದ್ರೆ ಡೇಟಾ ಹಾಳಾಗತ್ತೆ."

ಡೇಟಾ ಹಾಳಾಗುತ್ತದೆ. ಹೊರಗೆ ಬಂದು ಬೂತಿನ ಕಂಬಕ್ಕೆ ಒದ್ದೆ. ಸುಲಿದ ಕಾಲಲ್ಲೇ.

3 ಜನವರಿ 2005, ಸೋಮವಾರ. ರಾತ್ರಿ 8

ಇಷ್ಟು ದಿನ ಟೇಪ್ ಮುಟ್ಟಲಿಲ್ಲ. ಬೈಗುಳ ಬಿಟ್ಟು ಬೇರೇನೂ ಬಾಯಿಗೆ ಬರುತ್ತಿರಲಿಲ್ಲ.

ಇವತ್ತು ಮೇಡಂ ಬಂದಿದ್ದರು. ಹೊಸ ಪರ್ಮಿಷನ್ ಸಿಕ್ಕಿದೆಯಂತೆ. ಲೇಬರ್ ರೂಮಿನಲ್ಲಿ ನಮ್ಮ ವೀಕ್ಷಕಿ ಒಬ್ಬಳು ನಿಲ್ಲಬಹುದು. ಕುತ್ತಿಗೆಗೆ ಹಾಕಿಕೊಳ್ಳಲು ಕಾರ್ಡ್ ಕೊಟ್ಟರು. ಫೋಟೋ ಇಲ್ಲ, ಹೆಸರು, ಸೀಲು.

"ವಸಂತಾದು ನೀನೇ ಅಬ್ಸರ್ವ್ ಮಾಡು. ಮುಟ್ಬೇಡ. ಮಾತಾಡ್ಬೇಡ. ಗೋಡೆ ಹತ್ರ ನಿಂತು ಬರ್ಕೋ."

"ನಾನು ನಿಲ್ಲಬಹುದು, ಆಕಿ ದೊಡ್ಡವ್ವ ನಿಲ್ಲಂಗಿಲ್ಲೇನ್ರೀ?"

"ಅದು ಆಸ್ಪತ್ರೆ ರೂಲ್ಸು. ನನ್ ಕೈಲಿಲ್ಲ."

ಕೆಟ್ಟವರಲ್ಲ ಮೇಡಂ. ನನ್ನ ಕಾಲು ನೋಡಿ ಮುಲಾಮು ತರಿಸಿಕೊಟ್ಟರು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ.

12 ಜನವರಿ, ಬುಧವಾರ. ಬೆಳಿಗ್ಗೆ 11

ವಸಂತಳ ಕಾಲು, ಮುಖ ಊದಿಕೊಂಡಿದೆ. ಬಿಪಿ ಜಾಸ್ತಿ ಎಂದು ನರ್ಸಮ್ಮ ಚೀಟಿ ಬರೆದು ಹೋಗಿದ್ದಾರೆ. ಮನೆಯಲ್ಲಿ ಹೆರುವ ಹಾಗಿಲ್ಲ.

"ನಾ ಹೋಗಾಕಿಲ್ಲ. ಹೋದ್ ಸಲ ನೋಡಿಲ್ವಾ?" ಎಂದು ವಸಂತ ಗೋಡೆಗೆ ತಿರುಗಿ ಮಲಗಿದ್ದಳು.

ಮಾದಮ್ಮ ಬೈಯುತ್ತಾಳೆ ಅಂದುಕೊಂಡೆ. ಸುಮ್ಮನೆ ಅವಳ ಪಾದ ಒತ್ತಿ ನೋಡಿದಳು. ಬೆರಳು ಒತ್ತಿದ ಗುಂಡಿ ಹಾಗೇ ನಿಂತಿತು.

"ಇದು ನನ್ ಕೈ ಮೀರೈತೆ ಕಣೇ. ಆಸ್ಪತ್ರೆಗೇ ಹೋಗ್ಬೇಕು." ಆಮೇಲೆ ನನ್ನ ಕಡೆ ತಿರುಗಿದಳು. "ನಾವು ಆಸ್ಪತ್ರೆ ಬ್ಯಾಡ ಅಂತ ಯಾವತ್ತಂದೋ ಕೂಸು? ಬೆನ್ನಿಗೆ ನಾನಿರ್ತೀನಿ ಅಂದೋ. ಅಷ್ಟೇಯ. ಅದ್ಕೆ ನಿನ್ ಹಾಳೇಲಿ ಜಾಗ ಇಲ್ವಾ?"

ಇಲ್ಲ ಅವ್ವಾ. ಬೆರಳುಗಲ.

17 ಜನವರಿ, ಸೋಮವಾರ. ಸಂಜೆ 7.20

ಮೊದಲಿಂದ ಹೇಳುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ ನೋವು ಶುರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೃಷ್ಣಪ್ಪನವರ ಹತ್ತಿರ ಜೀಪ್ ಕೇಳಲು ಓಡಿದೆ.

"ಪಿಕಿಂಗ್ ಟೈಮಲ್ಲೇ ಹೆರ್ಬೇಕಾ ಇವ್ರು? ಡ್ರೈವರ್ ಮೂಟೆ ಹಾಕ್ಕೊಂಡು ಸಕ್ಲೇಶಪುರಕ್ಕೆ ಹೋಗವ್ನೆ."

"ಹಂಗಾದ್ರ ಸಾಯ್ಲೇನ್ರೀ?"

"ಬಾಯಿ ನೋಡು ಬಯಲುಸೀಮೆದು! ಹತ್ಸು ಮಾರಾಯ್ತಿ, ನಾನೇ ಓಡಿಸ್ತೀನಿ."

ಮೂವತ್ತು ವರ್ಷದ ಹಳೇ ಜೀಪ್. ಪ್ರತಿ ತಿರುವಿನಲ್ಲೂ ಹಾರನ್. ಹಿಂದಿನ ಸೀಟಿನಲ್ಲಿ ವಸಂತಳ ಬೆನ್ನಿಗೆ ಮಾದಮ್ಮ.

ಆಸ್ಪತ್ರೆ ಗೇಟಿನಲ್ಲಿ ವಾಚ್‌ಮನ್ ಕೋಲು ಅಡ್ಡ ಹಿಡಿದ. "ಪೇಷಂಟ್ ಒಳಗೆ. ಮುದುಕಿ ಆಚೆ." ವಸಂತ ಮಾದಮ್ಮನ ಸೆರಗು ಬಿಡಲಿಲ್ಲ. "ಬೆನ್ನಿಗಿಲ್ದೆ ಬ್ಯಾಡ, ಬ್ಯಾಡ" ಎಂದಳು. ಇನ್ನೊಂದು ನಿಮಿಷ ಹೋದರೆ ಯಾರೋ ರಿಜಿಸ್ಟರಿನಲ್ಲಿ ಆ 'ಬ್ಯಾಡ'ವನ್ನಷ್ಟೇ ಬರೆಯುತ್ತಿದ್ದರು.

ಯೋಚನೆ ಮಾಡಲಿಲ್ಲ. ನನ್ನ ಕಾರ್ಡ್ ತೆಗೆದು ಮಾದಮ್ಮನ ಕುತ್ತಿಗೆಗೆ ಹಾಕಿದೆ.

"ಇವ್ರು ಪ್ರಾಜೆಕ್ಟಿನ ವೀಕ್ಷಕಿ. ಜಿಲ್ಲಾ ಆರೋಗ್ಯಾಧಿಕಾರಿ, ಡಿಎಚ್‌ಓ ಪರ್ಮಿಷನ್ ಐತಿ. ತಡದ್ರ ನಿಮ್ಮ ಹೆಸ್ರು ಬರ್ಕೋತೀನಿ."

ವಾಚ್‌ಮನ್ ಕಾರ್ಡ್ ಓದಿದ. ಗುರುಶಾಂತಮ್ಮ. ನನಗೆ ಅಜ್ಜಿಯ ಹೆಸರಿಟ್ಟಿದ್ದಾರೆ, ಶಾಲೆಯಲ್ಲಿ ಎಲ್ಲರೂ ರೇಗಿಸುತ್ತಿದ್ದರು. ಅವನಿಗೆ ಎಲ್ಲ ಸರಿಯಾಗಿ ಕಂಡಿತು. ಕೋಲು ಇಳಿಸಿದ. "ಬನ್ನಿ ಮೇಡಂ" ಎಂದ.

ಮೇಡಂ! ಹೋದ ಸಲ ಇದೇ ಗೇಟಿನ ಹೊರಗೆ, ಇದೇ ಸೀರೆಯಲ್ಲಿ ಮಳೆಗೆ ಕೂತಿದ್ದವಳು. ಒಂದು ದಾರ, ಒಂದು ಪ್ಲಾಸ್ಟಿಕ್ ತುಂಡು. ಅಷ್ಟಕ್ಕೆ ಮನುಷ್ಯಳಾದಳು.

ಒಳಗೆ ಸಿಸ್ಟರ್ ಕಮಲಮ್ಮ. ಕಾರ್ಡ್ ನೋಡಿದರು, ಮಾದಮ್ಮನ ಕೈ ನೋಡಿದರು, ಬಾಗಿಲಲ್ಲಿ ನಿಂತಿದ್ದ ನನ್ನನ್ನೂ ನೋಡಿದರು. ಮುಗಿಯಿತು ಅಂದುಕೊಂಡೆ.

"ಚಪ್ಲಿ ಆಚೆ ಬಿಡಿ" ಎಂದರು ಮಾದಮ್ಮನಿಗೆ. "ಕೈ ತೊಳ್ಕೊಳಿ. ಸೋಪು ಅಲ್ಲೈತೆ." ನನ್ನ ಮುಖಕ್ಕೆ ಬಾಗಿಲು ಹಾಕಿಕೊಂಡರು.

ಎರಡೂವರೆ ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಕೃಷ್ಣಪ್ಪ ಜೀಪಿನಲ್ಲೇ ಕೂತು ಬೀಡಿ ಸೇದಿದರು, ಹೋಗಲಿಲ್ಲ. ಒಂದು ಸಲ ಒಳಗಿಂದ ಸಿಸ್ಟರ್ ದನಿ — "ಹಂಗೇ ಹಿಡ್ಕೊಳ್ಳವ್ವ, ಬಿಡ್ಬೇಡ, ಇನ್ನೊಂದ್ ಸಲ!" ಯಾರಿಗೆ ಹೇಳಿದರೋ.

ಹೆಣ್ಣು. ಎರಡು ಕೇಜಿ ಇನ್ನೂರು. ಅತ್ತಿತು. ವಸಂತಳಿಗೆ ಬಿಪಿ ಇಳಿಯಲು ಇಂಜೆಕ್ಷನ್ ಕೊಟ್ಟಿದ್ದಾರೆ, ವಾರ ಇಟ್ಟುಕೊಳ್ಳುತ್ತಾರಂತೆ. ಖುಷಿಯಾಗಬೇಕು. ಆಗಿದೆ. ಅದರ ಕೆಳಗೇ ಸಿಟ್ಟು ಕೂತಿದೆ, ಏಳುತ್ತಿಲ್ಲ. ಆ ಜುಲೈನಲ್ಲೂ ಇದೇ ರೂಮಿತ್ತು. ಸೋಪಿತ್ತು. ಇದೇ ಸಿಸ್ಟರ್ ಇದ್ದರು.

28 ಜನವರಿ, ಶುಕ್ರವಾರ. ಬೆಳಿಗ್ಗೆ 9.50

ಮೇಡಂಗೆ ಗೊತ್ತಾಗಿದೆ. ವಾಚ್‌ಮನ್ ಯಾರ ಹತ್ತಿರವೋ ಹೇಳಿದ್ದಾನೆ, "ನಿಮ್ಮ ವಯಸ್ಸಾದ ಮೇಡಂ ಎಲೆಯಡಿಕೆ ಕೇಳಿದ್ರು" ಎಂದು. ಮೊನ್ನೆ ಫೋನಿನಲ್ಲಿ ಮೇಡಂ ಕೂಗಲಿಲ್ಲ. "ಕಾರ್ಡ್ ರೆಡಿ ಇಟ್ಟಿರು. ನಾನೇ ಬರ್ತೀನಿ" ಎಂದರು. ಅಂದರೆ ಕೆಲಸ ಹೋಯಿತು.

ಕಾರ್ಡ್ ತರಲು ನಿನ್ನೆ ಕಾಲೋನಿಗೆ ಹತ್ತಿದೆ. ವಸಂತ ಮನೆಗೆ ಬಂದಿದ್ದಾಳೆ, ಮುಖದ ಊತ ಇಳಿದಿದೆ. ಮಾದಮ್ಮ ಇಲ್ಲ.

"ದೊಡ್ಡವ್ವ ಪಾಳ್ಯದ ತಾವ ಹೋಗೈತೆ. ಅಲ್ಲಿ ಎಸ್ಟೇಟ್ ಲೈನ್ ಮನೇಲಿ ನಮ್ಮೋರ್ ಹುಡ್ಗಿಗೆ ದಿನ ತುಂಬೈತಂತೆ. ಆಲೂರಾಸ್ಪತ್ರೆಗೆ ಕರ್ಕೊಂಡ್ ಹೋಯ್ತದೆ."

"ಕಾರ್ಡು?"

"ಹಾಕ್ಕೊಂಡೇ ಬಸ್ ಹತ್ತುತು!" ಎಂದು ನಗತೊಡಗಿದಳು. "ಕಂಡಕ್ಟರ್ನೂ ಮೇಡಂ ಅಂದ್ನಂತೆ."

ಮಗು ಎದೆಯಲ್ಲಿತ್ತು. ಅವಳು ನಕ್ಕಾಗ ಅದರ ಬಾಯಿ ತಪ್ಪಿ ಅಳತೊಡಗಿತು.

ಈಗ ಕೆಳಗೆ ಕಾರ್ ನಿಂತಿತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಕಾರ್ಡ್ ಕೇಳುತ್ತಾರೆ. ಕೇಳಲಿ. ಅದು ಡ್ಯೂಟಿ ಮೇಲಿದೆ ಎನ್ನುತ್ತೇನೆ. ಕುರ್ಚಿ ಕೊಡುತ್ತೇನೆ. ಮೇಡಂ, ಕೂತ್ಕೊಳ್ರಿ, ಪ್ರಶ್ನಿ ಇಪ್ಪತ್ತಮೂರು ಇವತ್ತು ನಾ ನಿಮಗ ಕೇಳ್ತೀನಿ, ನಿರಾಕರಿಸಿದ್ದು ಯಾರು ಅಂತ, ನಿಧಾನ ಹೇಳ್ರಿ, ಟೇಪ್ ಓಡ್ಲಿಕತ್ತೈತಿ, ಜಾಗ ಬೇಕಾದಷ್ಟು