ಎಡಗಾಲಿನ ಊತ

ಫೆಬ್ರವರಿ 9, ಸೋಮವಾರ. ಬೆಳಗ್ಗೆ 6.40

ಮಾತ್ರೆ ನುಂಗಿದೆ, ಕಾಫಿ ಕುಡಿದೆ, ಟ್ರಕ್ಕಿನ ಗಾಜಿನ ಮಂಜು ಕೆರೆದೆ. ಎಡಗಾಲಿನ ಮೀನಖಂಡ ಮತ್ತೆ ಹಿಡಿದುಕೊಂಡಿದೆ. ಕ್ಲಚ್ ಒತ್ತಿ ಒತ್ತಿ ಇರಬೇಕು. ವಿನಿಪೆಗ್‌ನಿಂದ ಇಲ್ಲಿಗೆ ಎರಡು ದಿನ ಕೂತೇ ಇದ್ದೇನಲ್ಲ.

ಸಂಜೆ. ವಾವಾ ಎಂಬ ಪುಟ್ಟ ಊರಿನಲ್ಲಿ ಹೆದ್ದಾರಿ ಮುಚ್ಚಿದ್ದಾರೆ. ಹಿಮಗಾಳಿ. ಮೋಟೆಲ್ಲು, ರೂಮ್ ನಂಬರ್ ನಾಲ್ಕು. ಟ್ರಕ್ ಕಂಪನಿಯ ಆಫೀಸಿನಿಂದ ವೆರ್ನ್ ಫೋನ್ ಮಾಡಿದ. "ಆರಾಮಾಗಿ ಮಲ್ಕೋ ಮಹಾರಾಣಿ. ಗುರುವಾರದ ತನಕ ರಸ್ತೆ ತೆಗೆಯಲ್ಲ." ಮಹಾರಾಣಿ! ಅವನ ಬಾಯಲ್ಲಿ ಅದೇ ಮರ್ಯಾದೆ.

ಫೆಬ್ರವರಿ 10

ಸ್ನಾನದ ನಂತರ ಮೀನಖಂಡಕ್ಕೆ ಅಳತೆ ಟೇಪು ಹಿಡಿದೆ. ಬಲಗಾಲು 37 ಸೆಂಟಿಮೀಟರ್. ಎಡಗಾಲು 41. ಮುಟ್ಟಿದರೆ ಬಿಸಿ.

ಮಾತ್ರೆ ಬರೆದುಕೊಟ್ಟ ಡಾಕ್ಟರ್ ಪೆಟ್ರಾಕ್ ಮೊದಲ ದಿನವೇ ಹೇಳಿದ್ದರು. "ಎದೆ ಬೆಳೆಯುವಾಗ ನೋಯುತ್ತೆ, ಅಳು ಜಾಸ್ತಿ ಬರುತ್ತೆ, ಅದಕ್ಕೆಲ್ಲ ಹೆದರಬೇಡ. ಆದ್ರೆ ಒಂದೇ ಕಾಲು ಊದಿದ್ರೆ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಫೋನ್ ಮಾಡು. ಸಿಗರೇಟು ಬಿಡು, ಕೊರೀನ್." ಬಿಟ್ಟೆ ಎಂದಿದ್ದೆ. ದಿನಕ್ಕೆ ಐದು ಸೇದುತ್ತೇನೆ.

ಫೋನ್ ಕೈಯಲ್ಲಿ ಹಿಡಿದು ಕೂತೆ. ಮಾಡಲಿಲ್ಲ. ಮಾಡಿದರೆ ಹೆಣ್ಣಿನ ಹಾರ್ಮೋನ್ ನಿಲ್ಲಿಸು ಅನ್ನುತ್ತಾರೆ. ಐವತ್ತು ವರ್ಷ ಗಂಡಸಿನ ಹೆಸರು ಹೊತ್ತು ತಿರುಗಿದೆ. ಈ ಮಾತ್ರೆ ಶುರುವಾಗಿ ಹದಿನಾಲ್ಕು ತಿಂಗಳಷ್ಟೇ. ಹಳೆಯ ಮುಖ ಮತ್ತೆ ಬಂದರೆ...

ಕಾಲು ದಿಂಬಿನ ಮೇಲೆ. ಕಿಟಕಿಯ ಅರ್ಧದ ತನಕ ಹಿಮ.

ಫೆಬ್ರವರಿ 11. ಮಧ್ಯಾಹ್ನ

ಮೋಟೆಲ್ಲಿನ ಒಡತಿ ಐಲಾ ಮೀನಿನ ಸೂಪು ತಂದಳು. ಎಪ್ಪತ್ತು ದಾಟಿದವಳು. ಕಣ್ಣು ಮಾತ್ರ ಚೂಪು.

"ಒಂದೇ ಬೂಟು ಹಾಕ್ಕೊಂಡಿದ್ದೀಯಲ್ಲ?"

"ಉಳುಕಿದೆ."

"ಉಳುಕಿದ್ರೆ ಪಾದದ ಗಂಟು ಊದುತ್ತೆ ಕಣೇ, ಮೀನಖಂಡ ಅಲ್ಲ. ಏನು ಔಷಧಿ ತಗೋತೀಯ?"

"ವಿಟಮಿನ್."

ನಂಬಲಿಲ್ಲ. ಬಾಗಿಲಲ್ಲಿ ನಿಂತು, "ನನ್ನ ಗಂಡನೂ ಹೀಗೇ ಏನೂ ಇಲ್ಲ, ಏನೂ ಇಲ್ಲ ಅಂತಿದ್ದ," ಎಂದಳು. ಬಾಗಿಲು ಎಳೆದುಕೊಂಡು ಹೋದಳು.

ಮಾತ್ರೆ ನುಂಗಿದೆ. ಎಂದಿನ ಹಾಗೆ.

ಫೆಬ್ರವರಿ 14. ಆಸ್ಪತ್ರೆ

ಗುರುವಾರ ಬೆಳಗ್ಗೆ ಎದ್ದು ಬಾಗಿಲ ತನಕ ನಡೆದೆ. ಉಸಿರು ಅರ್ಧಕ್ಕೇ ನಿಂತಿತು. ಎದೆಯೊಳಗೆ ಚಾಕು. ಗೋಡೆ ಬಡಿದೆ. ಐಲಾ ತನ್ನ ಹಳೇ ಕಾರಿನಲ್ಲಿ, ಹಿಮ ತಳ್ಳುವ ಲಾರಿಯ ಹಿಂದೆಯೇ, ಬೈಯುತ್ತ ಕರೆತಂದಳು.

ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿದೆಯಂತೆ. ಇಲ್ಲಿನ ಡಾಕ್ಟರಿಗೆ ಎಲ್ಲ ಹೇಳಿದೆ. ಮಾತ್ರೆ, ಸಿಗರೇಟು, ಟೇಪು. ರಕ್ತ ತೆಳು ಮಾಡುವ ಔಷಧಿ ಕೊಟ್ಟರು. ಹಾರ್ಮೋನ್ ಸದ್ಯಕ್ಕೆ ಬಂದ್.

ನರ್ಸ್ ನನ್ನ ಆರೋಗ್ಯ ಕಾರ್ಡು ನೋಡಿ ಹಳೆಯ ಹೆಸರು ಕೂಗಿದಳು. ಐಲಾ ತಿರುಗಿಬಿದ್ದಳು. "ಅವಳ ಹೆಸರು ಕೊರೀನ್. ನನ್ನ ರಿಜಿಸ್ಟರಲ್ಲಿ ಹಾಗೇ ಬರೆದಿದ್ದಾಳೆ."

ಫೆಬ್ರವರಿ 16

ಪೆಟ್ರಾಕ್ ಫೋನ್. "ಎಷ್ಟು ದಿನದಿಂದ ಗೊತ್ತಿತ್ತು?"

ಹೇಳಿದೆ.

"ನಿಲ್ಲಿಸ್ತೀರಿ ಅಂತ ಹೆದರಿದೆ ಡಾಕ್ಟರ್."

"ಮಾತ್ರೆ ನಿಲ್ಲಿಸ್ತಿದ್ದೆ. ಚರ್ಮಕ್ಕೆ ಅಂಟಿಸೋ ಪ್ಯಾಚ್ ಇದೆ, ಅದರಲ್ಲಿ ಹೆಪ್ಪಿನ ಭಯ ಕಡಿಮೆ. ಅದಕ್ಕೆ ಬದಲಾಯಿಸೋ ಮಾತಾಡ್ತಿದ್ವಿ. ಅಷ್ಟೇ ಇದ್ದಿದ್ದು, ಕೊರೀನ್."

ಅಷ್ಟೇ.

"ಈಗ?"

"ಈಗ ಕಾಯ್ಬೇಕು. ಮೊದಲು ಶ್ವಾಸಕೋಶ. ಸಿಗರೇಟು ನಿಜವಾಗಿ ಬಿಡಬೇಕು. ಆಮೇಲೆ ನೋಡೋಣ. ತಾರೀಖು ಕೇಳಬೇಡ."

ಫೋನ್ ಇಟ್ಟೆ. ಗಲ್ಲ ಸವರಿಕೊಂಡೆ. ಇನ್ನೂ ನುಣುಪಾಗಿದೆ. ಎಷ್ಟು ದಿನ?

ಐಲಾ ಬಂದಳು. "ಏನಂದ್ರು?"

ನೆಟ್ಟಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಕೆಮ್ಮು ಬಂತು, ಕರವಸ್ತ್ರ ತೆಗೆದು ನೋಡಿದರೆ ಅದರ ಮೇಲೆ ರಕ್ತ. ಐಲಾ ಕೂಗಿ ನರ್ಸನ್ನು ಕರೆದಳು, ಇದನ್ನು ಬರೆಯುವಾಗಲೂ ಪಕ್ಕದಲ್ಲೇ ಕೂತಿದ್ದಾಳೆ.