ಬಾಣಂತನ ನಾನೇ ಮಾಡುತ್ತಿದ್ದೇನೆ

ರೈಲ್ವೆ ಕ್ವಾರ್ಟರ್ಸ್, ಶಿವನಿ
೧೪-೮-೧೯೮೩

ಪ್ರೀತಿಯ ಅವ್ವನಿಗೆ ಮಗ ಬೆನಕಪ್ಪ ಕಾಲಿಗೆ ಬಿದ್ದು ಬರೆಯುವುದು.

ಇಲ್ಲಿ ತಾಯಿ, ಮಗಳು ಇಬ್ಬರೂ ಚೆನ್ನಾಗಿದ್ದಾರೆ. ಅಪ್ಪನ ಕಣ್ಣಿನ ಕಟ್ಟು ಬಿಚ್ಚುವವರೆಗೂ ನೀನು ಕಡೂರು ಬಿಟ್ಟು ಹೊರಡಬೇಡ. ಹೆರಿಗೆ ಮುಂಚೆಯೇ ಆಗಿ ಕಮಲಾಕ್ಷಿ ತವರಿಗೆ ಹೋಗಲಾಗಲಿಲ್ಲ. ತರೀಕೆರೆಯಲ್ಲಿ ಅವಳ ತಾಯಿಗೂ ಜ್ವರ ಬಂದಿತ್ತು. ಹಾಗಾಗಿ ರಜ ಹಾಕಿ ಬಾಣಂತನ ನಾನೇ ಮಾಡುತ್ತಿದ್ದೇನೆ. ಮೆಣಸಿನ ಸಾರು, ಎಣ್ಣೆನೀರು, ಮಗುವಿನ ಬಟ್ಟೆ, ಯಾವುದಕ್ಕೂ ಯಾರನ್ನೂ ಕೇಳಬೇಕಾಗಿ ಬಂದಿಲ್ಲ. ತಂಗಿ ಹುಟ್ಟಿದಾಗ ನೀನು ಮಲಗಿದಲ್ಲಿಂದಲೇ ಕಲಿಸಿದ್ದೆಲ್ಲ ಇನ್ನೂ ಕೈಯಲ್ಲಿದೆ. "ಗಂಡು ಹುಡ್ಗನ್ನ ಒಲೆ ಮುಂದೆ ಕೂರಿಸ್ತೀಯೇನೇ?" ಅಂತ ಅಜ್ಜಿ ರೇಗಿದರೆ ನೀನು, "ಉಣ್ಣೋಕೆ ಕೂರ್ತಾನಲ್ಲ, ಬೇಯ್ಸೋಕೂ ಕೂರ್ಲಿ ಬಿಡಿ" ಅಂದಿದ್ದೆ. ಮುಂದೆ ತಂಗಿಗೆ ಎತ್ತಿನ ಗಾಡಿ ಹೊಡೆಯುವುದನ್ನೂ ನೀನೇ ಕಲಿಸಿದೆ.

ಜ್ವರ ಬಿಟ್ಟಿತೆಂದು ನಿನ್ನೆ ಅತ್ತೆ ಕಾಶಮ್ಮನವರು ಬಂದರು. ನಾನು ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಪಕ್ಕದ ಮನೆಯ ಪುಟ್ಟಯ್ಯ ದಿನದ ಹಾಗೆ, "ಏನಮ್ಮಾ ಬೆನಕಮ್ಮ, ಒಗ್ದಾಯ್ತಾ?" ಅಂತ ನಕ್ಕ. "ನಿಂದೂ ಇದ್ರೆ ತಂದಾಕಪ್ಪಾ" ಅಂದೆ. ಅತ್ತೆಯವರ ಮುಖ ಕಪ್ಪಿಟ್ಟಿತು. "ಏಳಿ ಅಳಿಯಂದ್ರೇ, ನಮ್ಮ ಮಾನ ಹೋಯ್ತು" ಎಂದು ಬಟ್ಟೆ ಕಸಿದುಕೊಂಡರು. ಸಂಜೆಯ ಬೀರೂರು ಗಾಡಿಗೇ ಮಗಳನ್ನೂ ಮೊಮ್ಮಗಳನ್ನೂ ಕರೆದೊಯ್ಯುತ್ತೇನೆಂದು ಹಠ ಹಿಡಿದು ಗಂಟು ಕಟ್ಟಿದರು. ಕಳಿಸಲು ನನಗೆ ಮನಸ್ಸಿರಲಿಲ್ಲ. ಆದರೂ ತಡೆಯಲಿಲ್ಲ. "ನಿಂಗೆ ಹೆಂಗನ್ಸುತ್ತೋ ಹಂಗ್ಮಾಡು" ಎಂದು ಕಮಲಾಕ್ಷಿಗೆ ಹೇಳಿದೆ.

ಅವಳು ಮಗುವನ್ನೆತ್ತಿಕೊಂಡು ಸ್ಟೇಷನ್‌ವರೆಗೂ ಬಂದಳು. ಗಾಡಿ ಬಂದು ನಿಂತಿತು. ಅವಳು ಹತ್ತಲಿಲ್ಲ.

"ಅವ್ವಾ, ನಂಗಿಲ್ಲಿ ಏನೂ ಕಮ್ಮಿಯಾಗಿಲ್ಲ. ನಾನ್ ಬರಲ್ಲ" ಎಂದು ಎಲ್ಲರೆದುರೇ ಹೇಳಿಬಿಟ್ಟಳು. ಅತ್ತೆಯವರು ಅವಳ ಹತ್ತಿರ ಸರಿದು ಏನೋ ಅಂದು, ಒಬ್ಬರೇ ಗಾಡಿ ಹತ್ತಿದರು. ಬೈದಿರಬೇಕು ಎಂದುಕೊಂಡು ನಾನು ಕೇಳಲು ಹೋಗಲಿಲ್ಲ.

ಪುಟ್ಟಯ್ಯ ಇವತ್ತೂ ನಕ್ಕ. ನಗಲಿ. ನೀನು ನಿಶ್ಚಿಂತೆಯಿಂದ ಅಪ್ಪನನ್ನು ನೋಡಿಕೋ.

ನಿನ್ನ ಕೈಯಲ್ಲಿ ಪಳಗಿದ ಮಗ,
ಬೆನಕಪ್ಪ

ತಾ.ಕ.: ಅತ್ತೆ, ಇವರು ಲಕೋಟೆ ತರಲು ಹೋಗಿದ್ದಾರೆ, ಈ ಸಾಲುಗಳು ಕಮಲಾಕ್ಷಿಯವು. ಅವರು ಬರುವಷ್ಟರಲ್ಲಿ ಕಾಗದ ಮಡಿಸಿ ಅಂಟಿಸಲು ಸಿದ್ಧವಾಗಿಟ್ಟಿರುತ್ತೇನೆ. ಸ್ಟೇಷನ್ನಿನಲ್ಲಿ ನಮ್ಮವ್ವ ಬೈಯಲಿಲ್ಲ. ನನ್ನ ಕಿವಿಗೆ ಬಾಯಿಟ್ಟು, "ನಿನ್ನ ಹೆತ್ತು ವಾರ ಆಗಿರ್ಲಿಲ್ಲ, ನನ್ನನ್ನ ರಾಗಿ ಬೀಸೋಕೆ ಕೂರಿಸಿದ್ರು ಕಣೇ. ಇಲ್ಲೇ ಇರು" ಅಂದಳು. ಇವರಿಗೆ ಹೇಳಬೇಡ ಅಂದಳು. ನಿಮಗೆ ಹೇಳಬೇಡ ಅನ್ನಲಿಲ್ಲ.