ಧ್ವನಿ ಕೊಟ್ಟವಳನ್ನು ಬಿಡಿ, ನನ್ನನ್ನು ಕರೆಯಿರಿ

ಸಾರ್ವಜನಿಕ ಪ್ರಸಾರಗಳ ಮೇಲ್ವಿಚಾರಣಾಧಿಕಾರಿಗಳಿಗೆ,

ಮಾನ್ಯರೇ,

ಮೇಲೆ ತಲೆಬರಹದಲ್ಲಿ ಬರೆದದ್ದನ್ನೇ ನಾನು ನಿನ್ನೆಯೂ ನಿಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತು ಹೇಳುತ್ತಿದ್ದದ್ದು. ಅಷ್ಟರಲ್ಲಿ ನಿಮ್ಮ ಗುಮಾಸ್ತರಿಗೆ ಊಟದ ಹೊತ್ತಾಯಿತು. "ಏನಿದ್ರೂ ಬರೆದುಕೊಡಿ ಯಜಮಾನ್ರೇ, ಬಾಯಿಮಾತು ಇಲ್ಲಿ ನಡಿಯಲ್ಲ" ಎಂದು ಕಿಟಕಿ ಎಳೆದುಕೊಂಡರು. ಬಾಯಿಮಾತು ನಡೆಯದ ಕಚೇರಿಯಿಂದ ಬರೀ ಬಾಯಿಮಾತಿಗಾಗಿ ನನ್ನ ಹೆಂಡತಿಯ ತಂಗಿಗೆ ನೋಟಿಸು ಹೇಗೆ ಬಂತು ಎಂದು ಕೇಳುವವನಿದ್ದೆ. ಮುಚ್ಚಿದ ಕಿಟಕಿಗೆ ಕೇಳಿ ಏನು ಬಂತು? ಆದ್ದರಿಂದ ಬರೆಯುತ್ತಿದ್ದೇನೆ, ಪತ್ರಿಕೆಗೂ ಒಂದು ಪ್ರತಿ ಕಳಿಸುತ್ತಿದ್ದೇನೆ. ನೀವು ನಾಳೆ ಬೆಳಿಗ್ಗೆ ವಿಚಾರಣೆಗೆ ಕರೆದಿರುವ ಹೆಂಗಸು ನಮ್ಮೂರ ಆಸ್ಪತ್ರೆಯ ಬಗ್ಗೆ ಸ್ವಂತವಾಗಿ ಒಂದಕ್ಷರ ಹೇಳಿದವಳಲ್ಲ. ಬೇರೊಬ್ಬರ ಮಾತನ್ನು ನನ್ನ ಕಾರ್ಯಕ್ರಮಕ್ಕಾಗಿ ಓದಿಕೊಟ್ಟವಳು. ಹೇಳಿದವರು ಬೇರೆ. ಹೇಳಿಸಿದವನು ನಾನು.

ಇಂಥ ಪತ್ರವನ್ನು ಹೇಗೆ ಶುರು ಮಾಡಬೇಕೆಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರು. "ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು..." ಅದರ ಮುಂದಿನದು ಮರೆತಿದೆ, ಬೇಡಬೇಕೆನ್ನುವುದು ಮಾತ್ರ ನೆನಪಿದೆ. ಸದ್ಯದ ಪರಿಸ್ಥಿತಿಗೆ ಅಷ್ಟು ಸಾಕು.

ನಾನು ಯಾರೆಂದು ನಿಮ್ಮ ಕಡತದಲ್ಲಿ ಇರಬೇಕು. ಇಲ್ಲದಿದ್ದರೆ ಹೇಳುತ್ತೇನೆ. ಹಾಸಿಗೆ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಂಡು ನಿವೃತ್ತನಾದವನು. ಹೆಂಡತಿ ಇದ್ದಾಗ ಬೆಳಿಗ್ಗೆ ಪೇಪರ್ ಓದುತ್ತ ಪ್ರತಿ ಸುದ್ದಿಗೂ ಅವಳ ಮುಂದೆ ಟೀಕೆ ಮಾಡುವುದು ನನ್ನ ಚಟ. ಅವಳು ತರಕಾರಿ ಹೆಚ್ಚುತ್ತ "ಹೂಂ, ಆಮೇಲೆ?" ಅನ್ನುತ್ತಿದ್ದಳು. ಕೇಳುತ್ತಿದ್ದಳೋ ಇಲ್ಲವೋ, ಆ "ಹೂಂ" ಇಲ್ಲದೆ ನನಗೆ ಸುದ್ದಿ ಜೀರ್ಣವಾಗುತ್ತಿರಲಿಲ್ಲ. ಅವಳು ಹೋದ ಮೇಲೂ ಚಟ ಬಿಡಲಿಲ್ಲ. ಮಹಡಿಯ ಕೋಣೆಯಲ್ಲಿರುವ ಅವಳ ತಂಗಿ ಒಂದು ದಿನ ಮೆಟ್ಟಿಲಿಳಿದು ಬರುವಾಗ ನಾನು ಫ್ರಿಜ್ಜಿನ ಮುಂದೆ ನಿಂತು ಬಜೆಟ್ ಬಗ್ಗೆ ಭಾಷಣ ಮಾಡುತ್ತಿದ್ದೆ. "ಭಾವ, ಅದು ಮೊದಲೇ ತಣ್ಣಗಾಗಿದೆ, ಬಿಟ್ಟುಬಿಡಿ. ಒಂದು ಮೈಕ್ ತಂದು ಅದಕ್ಕೆ ಹೇಳಿ" ಅಂದಳು. ಅಡುಗೆಮನೆ ಪಕ್ಕದ ಸಾಮಾನು ಕೋಣೆಗೆ ಕಾರ್ಖಾನೆಯ ಫೋಮ್ ಚೂರುಗಳನ್ನು ಅಂಟಿಸಿ, ಅಲ್ಲಿ ಕುಳಿತು ಪಾಡ್‌ಕಾಸ್ಟ್ ಶುರು ಮಾಡಿದೆ. ವಾರದ ಸುದ್ದಿಗೆ ನನ್ನ ಟಿಪ್ಪಣಿ, ಆಮೇಲೆ ಒಬ್ಬ ಅತಿಥಿ. ಕ್ಷೌರಿಕರು ಬಂದರು, ಶಾಲಾ ವ್ಯಾನಿನ ಡ್ರೈವರ್ ಬಂದರು, ಹೆರಿಗೆ ಮಾಡಿಸಿ ಮಾಡಿಸಿ ಕೈ ನಡುಗಲು ಶುರುವಾದ ನರ್ಸಮ್ಮ ಬಂದರು. ಜಾಹೀರಾತಿಲ್ಲ, ಹಿಂದೆ ಯಾವ ಸಂಸ್ಥೆಯೂ ಇಲ್ಲ, ಪಕ್ಷವೂ ಇಲ್ಲ. ಕೇಳುವವರು ಒಂದು ಮದುವೆ ಮನೆಗೆ ಸಾಲುವಷ್ಟು. ನಿಮ್ಮ ನೋಟಿಸು ಬಂದ ಮೇಲೆ ಎರಡು ಮದುವೆಗೆ ಸಾಲುವಷ್ಟಾಗಿದ್ದಾರೆ, ಅದಕ್ಕೆ ಕೃತಜ್ಞತೆಗಳು.

ಹೀಗಿರುವಾಗ ಆಸ್ಪತ್ರೆಯೊಳಗಿನ ಒಬ್ಬರು ನನ್ನ ಹತ್ತಿರ ಬಂದರು. ಅವರ ಕೆಲಸವೇನು, ಗಂಡೋ ಹೆಣ್ಣೋ, ಹಗಲಲ್ಲಿ ಬಂದರೋ ಕತ್ತಲಾದ ಮೇಲೋ, ಯಾವುದನ್ನೂ ಬರೆಯುವುದಿಲ್ಲ. ಈ ಸಾಲಿನಲ್ಲಿ ಒಂದು ಪದ ಹೊಡೆದು ಹಾಕಿದ್ದೇನೆ, ಅದನ್ನು ಬೆಳಕಿಗೆ ಹಿಡಿದು ಓದುವ ಶ್ರಮ ತೆಗೆದುಕೊಳ್ಳಬೇಡಿ, ಪೂರ್ತಿ ಗೀಚಿದ್ದೇನೆ. ಅವರು ಹೇಳಿದ್ದು ಇಷ್ಟು. ಮಕ್ಕಳ ವಾರ್ಡಿಗೆ ಒಬ್ಬ ದೊಡ್ಡ ಮನುಷ್ಯರು ಹಾಸಿಗೆ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಬಂದಿದ್ದಾಗ ಫೈರ್ ಅಲಾರಂ ಸುಮ್ಮಸುಮ್ಮನೆ ಹೊಡೆದುಕೊಂಡಿತು. ದೊಡ್ಡ ಮನುಷ್ಯರು ಬೆಚ್ಚಿಬಿದ್ದರು, ಫೋಟೋ ಕೆಟ್ಟಿತು. ಸಂಜೆಯೊಳಗೆ ಅಲಾರಂ ಕಳಚಲು ಮೇಲಿನಿಂದ ಅಪ್ಪಣೆಯಾಯಿತು. ಸರಿಮಾಡಿಸಿ ಮತ್ತೆ ಹಾಕಿ ಎಂಬ ಅಪ್ಪಣೆ ಮಾತ್ರ ಇವತ್ತಿಗೂ ಬಂದಿಲ್ಲ. ಮಕ್ಕಳು ಮಲಗುವ ಜಾಗದಲ್ಲಿ ಬೆಂಕಿ ಬಿದ್ದರೆ ಎಬ್ಬಿಸಲು ಏನೂ ಇಲ್ಲ.

ನಾನು ರೆಕಾರ್ಡ್ ಮಾಡಿಕೊಂಡೆ. ಅವರ ಧ್ವನಿ ಹಾಗೇ ಹಾಕಿದರೆ ಮಾರನೇ ದಿನವೇ ಅವರ ಕೆಲಸ ಹೋಗುತ್ತದೆ. ಮೊಬೈಲಿನಲ್ಲಿ ಧ್ವನಿ ಬದಲಿಸುವ ಒಂದು ಆ್ಯಪ್ ಹಾಕಿ ನೋಡಿದೆ. ನಾದಿನಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇದೇನು ಭಾವ, ರಾಕ್ಷಸ ಬಾಯಿ ಮುಕ್ಕಳಿಸಿದ ಹಾಗಿದೆ! ಮಕ್ಕಳ ವಿಷಯ ಹೀಗೆ ಹೇಳಿದ್ರೆ ಯಾರು ನಂಬ್ತಾರೆ?"

"ಮತ್ತೇನು ಮಾಡೋಣ?"

"ಅವರು ಹೇಳಿದ್ದನ್ನ ಬರೆದುಕೊಡಿ, ನಾನು ಓದ್ತೀನಿ. ನನ್ನ ಗಂಟಲು ಯಾರಿಗೆ ಬೇಕು?"

ಹಾಗೆಯೇ ಮಾಡಿದೆವು. ಅತಿಥಿ "ನಾನು" ಅಂದ ಕಡೆಯೆಲ್ಲ ಅವಳೂ "ನಾನು" ಎಂದೇ ಓದಿದಳು. "ನನ್ನ ಡ್ಯೂಟಿ ಇದ್ದಾಗ ರಾತ್ರಿಯೆಲ್ಲ ಮೂಗಿನಲ್ಲಿ ಹೊಗೆ ವಾಸನೆ ಹುಡುಕ್ತಿರ್ತೀನಿ" ಎಂಬ ಸಾಲಿಗೆ ಬಂದಾಗ ಅವಳ ಧ್ವನಿ ಒಡೆಯಿತು. ನಾನು ಅದನ್ನು ಕತ್ತರಿಸದೆ ಇಟ್ಟೆ. ಎಷ್ಟು ಚೆನ್ನಾಗಿ ಬಂತೆಂದು ಒಳಗೊಳಗೇ ಖುಷಿಪಟ್ಟೆ. ನಿಮ್ಮ ನೋಟಿಸಿನಲ್ಲಿ "ಭಾವಾವೇಶದಿಂದ" ಎಂಬ ಪದ ಇದೆಯಲ್ಲ, ಅದು ಆ ಜಾಗ. ಅತಿಥಿಯ ಮೂಲ ರೆಕಾರ್ಡಿಂಗನ್ನು ಅಂದೇ ಅಳಿಸಿದೆ. ಹುಡುಕಬೇಡಿ.

ಇನ್ನು ನನ್ನ ದಡ್ಡತನಕ್ಕೆ ಬರುತ್ತೇನೆ. "ಈಗ ಕೇಳುವ ಧ್ವನಿ ಅತಿಥಿಯದಲ್ಲ, ಅವರ ಮಾತನ್ನು ಬೇರೊಬ್ಬರು ಓದುತ್ತಿದ್ದಾರೆ" ಎಂದು ಸ್ಪಷ್ಟವಾಗಿ ರೆಕಾರ್ಡ್ ಮಾಡಿದ್ದೆ. ಅದು ಶುರುವಿನಲ್ಲೇ ಇತ್ತು. ಆದರೆ ಪಾಡ್‌ಕಾಸ್ಟಿನವರಿಗೆಲ್ಲ ಒಂದು ಭಯ ಇದೆ, ನಿಮ್ಮಿಂದ ಹುಟ್ಟುವ ಭಯಕ್ಕಿಂತ ಹಳೆಯದು. ಶುರುವಿನಲ್ಲಿ ಸೂಚನೆ, ಪೀಠಿಕೆ ಎಂದು ಎಳೆದರೆ ಜನ ಬಿಟ್ಟು ಹೋಗುತ್ತಾರೆ. ಎಷ್ಟು ಜನ ಎಲ್ಲಿ ಎದ್ದು ಹೋದರೆಂದು ಗೆರೆ ಎಳೆದು ತೋರಿಸುವ ಒಂದು ನಕ್ಷೆ ಇರುತ್ತದೆ. ಅದನ್ನು ನೋಡಿ ನೋಡಿ ನನಗೂ ಹುಚ್ಚು ಹಿಡಿದಿತ್ತು. ಆ ಸೂಚನೆಯನ್ನು ಎತ್ತಿ ಕೊನೆಗೆ ಹಾಕಿದೆ, ವಂದನೆ ಹೇಳಿ, ಸಂಗೀತ ಮುಗಿದ ಮೇಲೆ. ಅಲ್ಲಿಯವರೆಗೆ ಯಾರು ಕೇಳುತ್ತಾರೆ? ನನ್ನ ಸ್ವಂತ ಅಣ್ಣನೂ ಕೇಳುವುದಿಲ್ಲ. ನಿಮ್ಮ ಕಚೇರಿಯವರೂ ಕೇಳಲಿಲ್ಲ. ಅಪರಾಧ ಹುಡುಕಲೆಂದೇ ಕುಳಿತು, ಸಾಲು ಸಾಲು ಬರೆದುಕೊಂಡು, ವಂದನೆ ಬಂದ ಕೂಡಲೇ ಎಲ್ಲರ ಹಾಗೆ ಅವರೂ ಬಂದ್ ಮಾಡಿದ್ದಾರೆ. ಈಗ ಅದನ್ನು ಕೇಳಿಸಲು ಹೋದರೆ "ಆಮೇಲೆ ಸೇರಿಸಿರಬಹುದು" ಎನ್ನುತ್ತಾರೆ. ಸೇರಿಸಿಲ್ಲ ಎಂದು ನಾನು ಯಾವ ದೇವರ ಮೇಲೆ ಆಣೆ ಇಡಲಿ?

ಅವಳನ್ನು ಗುರುತು ಹಿಡಿದದ್ದಾದರೂ ಹೇಗೆ? ಅವಳು ವಿದ್ಯುತ್ ಇಲಾಖೆಯ ದೂರಿನ ಫೋನ್ ಎತ್ತುವವಳು, ಗುತ್ತಿಗೆ ನೌಕರಿ. ಕರೆಂಟು ಹೋದಾಗಲೆಲ್ಲ ಈ ಊರಿನವರೆಲ್ಲ ಬೈಯುವುದು ಅವಳನ್ನು. "ಯಾರಿಗೆ ಬೇಕು" ಎಂದು ಅವಳೇ ಕೇಳಿದ ಆ ಗಂಟಲು ಊರಿಗೆಲ್ಲ ಪರಿಚಯವೆಂಬುದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮನೆಯವರ ಧ್ವನಿ ಮನೆಯವರಿಗೆ ಧ್ವನಿಯಾಗಿ ಎಲ್ಲಿ ಕೇಳಿಸುತ್ತದೆ? ನೋಟಿಸು ತಂದವರೇ ಹೇಳಿದರು, ನಿಮ್ಮ ಕಚೇರಿಯಲ್ಲಿ ದೀಪ ಹೋಗಿ ಯಾರೋ ದೂರು ಕೊಡಲು ಫೋನ್ ಮಾಡಿದಾಗ "ಹೇಳಿ ಸರ್, ಎಲ್ಲಿಂದ?" ಎಂಬ ಒಂದು ಮಾತಿನಲ್ಲೇ ಸಿಕ್ಕಿಬಿದ್ದಳಂತೆ. ಧ್ವನಿ ಸಿಕ್ಕಿತು, ಆದ್ದರಿಂದ ಹೇಳಿದವಳು ಸಿಕ್ಕಿದಳು ಎಂಬುದು ನಿಮ್ಮ ತರ್ಕ. ವಿದ್ಯುತ್ ಇಲಾಖೆಯವಳು ಮಕ್ಕಳ ವಾರ್ಡಿನಲ್ಲಿ ಡ್ಯೂಟಿ ಮಾಡಿದ್ದು ಯಾವಾಗ ಎಂದು ಒಬ್ಬರಿಗೂ ಕೇಳಬೇಕೆನಿಸಲಿಲ್ಲವೇ? ಕೇಳಿದ್ದೀರಿ, ತಪ್ಪಾಯಿತು. "ಆಸ್ಪತ್ರೆಗೆ ಸಂಬಂಧವಿಲ್ಲದೆಯೂ ಸುಳ್ಳು ಕಟ್ಟಿದ್ದಾಳೆ" ಎಂದು ಅದನ್ನೂ ಆರೋಪಕ್ಕೆ ಸೇರಿಸಿದ್ದೀರಿ. ಬುದ್ಧಿವಂತಿಕೆಗೆ ಮೆಚ್ಚಿದೆ.

ಮಾನ್ಯರೇ, ನಿಮ್ಮ ಇಬ್ಬರು ಸಿಬ್ಬಂದಿ ನಮ್ಮ ಮನೆಗೆ ಬಂದ ವಿಷಯ ನಿಮಗೆ ಗೊತ್ತಿದೆಯೋ ಇಲ್ಲವೋ. ಬಹಳ ಮರ್ಯಾದಸ್ಥರು. ಚಪ್ಪಲಿ ಹೊರಗೆ ಬಿಟ್ಟರು, ನೀರು ಕುಡಿದರು. ಇಬ್ಬರಲ್ಲಿ ದಪ್ಪಗಿದ್ದವರು ಮೈಕ್ ನೋಡಿ ಹೊಗಳಿದರು. ಆಮೇಲೆ ಸಾಮಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತು ಏನೂ ಇಲ್ಲ. ಹೊರಗೆ ಬಂದಾಗ ಮುಖ ಕೆಂಪಾಗಿತ್ತು.

"ಏನಾದ್ರೂ ಕೇಳಿಸ್ತಾ ಅಂಕಲ್?"

"ಇಲ್ಲವಲ್ಲ."

"ಜೋರಾಗಿ ಕೂಗಿದೆ. ಒಳ್ಳೆ ಕೋಣೆ ಮಾಡಿದೀರಿ. ಇದರೊಳಗೆ ಎಷ್ಟು ಕೂಗಿದ್ರೂ ಪಕ್ಕದ ಮನೆಗೆ ಗೊತ್ತಾಗಲ್ಲ, ಅಲ್ವಾ?"

ನಗುತ್ತಲೇ ಕೇಳಿದರು. ನಾನೂ ನಕ್ಕೆ. ಅಂದಿನಿಂದ ಆ ಕೋಣೆಯೊಳಗೆ ಕಾಲಿಡಲು ನನ್ನಿಂದ ಆಗಿಲ್ಲ. ಕುಕ್ಕರ್ ಕೂಗಿದರೆ ಓಡಿಹೋಗಿ ಗ್ಯಾಸ್ ಆರಿಸುತ್ತೇನೆ. ಹಾಲಿನವನು ಬಾಗಿಲು ತಟ್ಟಿದರೆ "ಯಾರು?" ಎನ್ನಲು ಬಾಯಿ ಬರುವುದಿಲ್ಲ. ಊರಿನ ಸುದ್ದಿಗೆಲ್ಲ ಬಾಯಿ ಹಾಕುತ್ತಿದ್ದವನು, ನೋಡಿ. ಹೋಗುವಾಗ ಅವರಲ್ಲಿ ಇನ್ನೊಬ್ಬರು, ಅಲ್ಲಿಯವರೆಗೆ ತುಟಿ ಬಿಚ್ಚದಿದ್ದವರು, ಚಪ್ಪಲಿ ಮೆಟ್ಟುತ್ತ ಮೆಲ್ಲಗೆ ಕೇಳಿದರು, "ಆ ವಾರ್ಡು... ಹಳೇ ಕಟ್ಟಡದ್ದಾ, ಹೊಸದರದ್ದಾ?" ದಪ್ಪಗಿದ್ದವರು ಅವರನ್ನೇ ನೋಡಿದರು. ನಾನು "ಹಳೇದು" ಎಂದೆ. ಅವರು ತಲೆ ತಗ್ಗಿಸಿಕೊಂಡು ಹೋದರು. ಅವರ ಮನೆಯಲ್ಲಿ ಮಗು ಇದೆಯೋ, ಅದು ಎಲ್ಲಿ ಮಲಗಿದೆಯೋ ನನಗೆ ಗೊತ್ತಿಲ್ಲ. ನಿಮ್ಮ ಇಡೀ ತನಿಖೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ಅವರಿಗೇನೂ ತೊಂದರೆ ಕೊಡಬೇಡಿ.

ನೋಟಿಸಿನಲ್ಲಿ "ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸಿದ" ಎಂದಿದೆ. ಭೀತಿ ಹುಟ್ಟಿರುವುದು ನಿಜ, ನನ್ನಲ್ಲೇ ಬೇಕಾದಷ್ಟಿದೆ, ಬಂದು ಅಳೆದುಕೊಳ್ಳಿ. ಆದರೆ ಕಾರ್ಯಕ್ರಮ ಪ್ರಸಾರವಾದ ಮೇಲೆ ನಾನೇ ರೋಗಿ ನೋಡುವ ನೆಪದಲ್ಲಿ ಆ ವಾರ್ಡಿಗೆ ಹೋಗಿಬಂದೆ. ಅಲಾರಂ ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯಾಗಿ ಒಂದು ದುಂಡಗಿನ ಗುರುತು, ನಡುವಿನಿಂದ ಎರಡು ತಂತಿ, ತುದಿಗೆ ಟೇಪು. ಕೆಳಗೆ ಒಂದು ಮಗು ಅಮ್ಮನ ಬೆರಳು ಹಿಡಿದು ನಿದ್ದೆ ಹೋಗಿತ್ತು. ಒಬ್ಬ ಎಲೆಕ್ಟ್ರಿಷಿಯನ್ ಏಣಿ ಹಾಕಿ ಮಧ್ಯಾಹ್ನದೊಳಗೆ ಮುಗಿಸುವ ಕೆಲಸ. ಅಷ್ಟು ಮಾಡಿಬಿಟ್ಟಿದ್ದರೆ ನಮ್ಮ ಕಾರ್ಯಕ್ರಮ ತಾನಾಗಿ ಸುಳ್ಳಾಗುತ್ತಿತ್ತು! ನಮ್ಮನ್ನು ಸುಳ್ಳರನ್ನಾಗಿ ಮಾಡುವ ಇಷ್ಟು ಸುಲಭದ ದಾರಿ ಬಿಟ್ಟು ಒಬ್ಬ ಹೆಂಗಸಿನ ಗಂಟಲಿನ ಹಿಂದೆ ಏಕೆ ಬಿದ್ದಿರಿ?

ನನ್ನ ಮುಂದಿರುವ ದಾರಿ ನಿಮ್ಮವರೇ ತೋರಿಸಿಕೊಟ್ಟಿದ್ದಾರೆ. ನಿಜವಾದ ಅತಿಥಿಯ ಹೆಸರು ಹೇಳಿದರೆ ನಾದಿನಿಯನ್ನು ಬಿಡುತ್ತಾರಂತೆ. ಹೇಳದಿದ್ದರೆ ಅವಳ ನೌಕರಿ ಮೊದಲು ಹೋಗುತ್ತದೆ, ಆಮೇಲೆ ಇನ್ನೇನೇನೋ. ನಾಚಿಕೆ ಬಿಟ್ಟು ಹೇಳುತ್ತೇನೆ, ಇವತ್ತು ಮಧ್ಯಾಹ್ನ ಆ ಹೆಸರು ನನ್ನ ನಾಲಿಗೆ ತುದಿಗೆ ಬಂದಿತ್ತು. ಫೋನ್ ಕೈಯಲ್ಲಿತ್ತು. ಅವಳು ಎದುರಿಗೆ ಕುಳಿತು ಬಟಾಣಿ ಸುಲಿಯುತ್ತಿದ್ದಳು.

"ಯಾರಿಗೆ ಫೋನು?"

"ಯಾರಿಗೂ ಇಲ್ಲ."

"ಭಾವ, ನನಗೆ ದಿನಾ ನೂರು ಜನ ಸುಳ್ಳು ಹೇಳ್ತಾರೆ, ಕರೆಂಟ್ ಬಿಲ್ ಕಟ್ಟಿದೀನಿ ಅಂತ. ನಿಮ್ಮದು ಬಹಳ ಕಳಪೆ ಸುಳ್ಳು."

ನಾನು ಫೋನನ್ನು ಮಗುಚಿ ಹಿಡಿದೆ.

"ನನಗೂ ಹೆದರಿಕೆ ಇದೆ. ನಿನ್ನೆಯಿಂದ ಊಟ ಇಳೀತಿಲ್ಲ. ಹಾಗಂತ ಮನೆ ತನಕ ನಂಬಿ ಬಂದವರನ್ನ ಹಿಡಿದುಕೊಡೋಕಾಗುತ್ತಾ? ಅಕ್ಕ ಇದ್ದಿದ್ರೆ ನಿಮಗೆ ಇವತ್ತು ಊಟ ಹಾಕ್ತಿರಲಿಲ್ಲ."

ಫೋನ್ ಕೆಳಗಿಟ್ಟೆ. ಆಗ ಅವಳು ಅತ್ತಳು, ನಾನೂ ಅತ್ತೆ. ಆಮೇಲೆ ಅವಳು ಮಹಡಿಗೆ ಹೋಗಿ ನಾಳೆ ಹಾಕಿಕೊಂಡು ಹೋಗುವ ಬಟ್ಟೆಗೆ ಇಸ್ತ್ರಿ ಹಾಕಲು ಕುಳಿತಳು. ನಾನು ಈ ಪತ್ರಕ್ಕೆ ಕುಳಿತೆ. ಇಸ್ತ್ರಿ ಪೆಟ್ಟಿಗೆಯ ಶಬ್ದ ಈಗಲೂ ಮೇಲಿನಿಂದ ಬರುತ್ತಿದೆ. ಒಂದೇ ಬಟ್ಟೆಯನ್ನು ಎಷ್ಟು ಸಲ ತಿಕ್ಕುತ್ತಾಳೋ.

ಆದ್ದರಿಂದ ನನ್ನ ಬೇಡಿಕೆ, ಅಲ್ಲ, ನಮ್ಮ ಇಂಗ್ಲಿಷ್ ಮೇಷ್ಟ್ರ ಭಾಷೆಯಲ್ಲಿ ಹಂಬಲ್ ಪ್ರೇಯರ್: ಅವಳ ಮೇಲಿನ ನೋಟಿಸು ಹಿಂದಕ್ಕೆ ತೆಗೆದುಕೊಂಡು ನನ್ನ ಹೆಸರಿಗೆ ಕೊಡಿ. ರೆಕಾರ್ಡ್ ಮಾಡಿಕೊಂಡವನು, ಬರೆದವನು, ಓದಿಸಿದವನು, ಸೂಚನೆಯನ್ನು ಕೊನೆಗೆ ತಳ್ಳಿದವನು ಎಲ್ಲ ನಾನೇ. ಅತಿಥಿಯ ಹೆಸರು ಕೇಳಬೇಡಿ. ಕೇಳಿದರೆ ಹೇಳದೆ ಇರುವಷ್ಟು ಧೈರ್ಯ ನನ್ನಲ್ಲಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ, ಆದ್ದರಿಂದಲೇ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ. ಊರಿನವರ ಮುಂದೆ ಆಡಿದ ಮಾತು ತಪ್ಪಲು ಕೊಂಚ ಹೆಚ್ಚು ನಾಚಿಕೆಯಾಗುತ್ತದೆ. ಆ ವಾರ್ಡಿಗೆ ಮಾತ್ರ ವಿಚಾರಣೆ ಮುಗಿಯುವ ತನಕ ಕಾಯದೆ ಅಲಾರಂ ಹಾಕಿಸಿ. ನಾಳೆ ಅವಳ ಜೊತೆ ನಾನೂ ಬರುತ್ತೇನೆ. ಒಬ್ಬರನ್ನೇ ಒಳಗೆ ಬಿಡುವುದಾದರೆ ಅವಳನ್ನು ಬೆಂಚಿನ ಮೇಲೆ ಕೂರಿಸಿ, ನನ್ನನ್ನು

ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಕಿಟಕಿಯ ಬೆಳಕು ಹೋಗುತ್ತಿದೆ, ನಾನು ಗಮನಿಸಿರಲಿಲ್ಲ. ದೀಪ ಹಾಕಿದರೆ ನಾನು ಇಲ್ಲಿ ಕುಳಿತಿರುವುದು ಬೀದಿಗೆಲ್ಲ ಕಾಣುತ್ತದೆ. ಹಾಕಲು ಕೈ ಏಳುತ್ತಿಲ್ಲ. ಇಲ್ಲಿಗೇ ನಿಲ್ಲಿಸಿ, ಪೂರ್ತಿ ಕತ್ತಲಾಗುವ ಮೊದಲು ನಿಮ್ಮ ಕಚೇರಿ ಬಾಗಿಲಿನ ಟಪಾಲು ಪೆಟ್ಟಿಗೆಯ ತನಕ, ಅಲ್ಲಿಂದ ಪತ್ರಿಕೆಯ ಕಚೇರಿಗೂ ಹೋಗಿಬರುತ್ತೇನೆ.

ಇಂತಿ,
ನಿಮ್ಮ ನೋಟಿಸಿನಲ್ಲಿ ಹೆಸರು ಬಿಟ್ಟುಹೋಗಿರುವ ಆರೋಪಿ